ಸೀಬಿ ಗುಡಿಯ ಚಾವಣಿ ನೋಡುತ್ತಾ

ತುಮಕೂರಿನಿಂದ ಸಿರಾ ಕಡೆಗೆ ಹೆದ್ದಾರಿ ಹಿಡಿದರೆ ದಾರಿಯಲ್ಲೇ ಸಿಗುವ ಊರು ಸೀಬಿ. ಇಲ್ಲಿರುವುದು ನರಸಿಂಹಸ್ವಾಮಿಯ ಗುಡಿ. ಧಾನ್ಯ ಹೇರಿದ ಎತ್ತುಗಳೊಂದಿಗೆ ಬಂದ ವ್ಯಾಪಾರಿಯೊಬ್ಬ ಬಂಡೆಯ ಮೇಲೆ ಅಡುಗೆಗಿಟ್ಟನಂತೆ. ಪಾತ್ರೆಯಲ್ಲಿದ್ದದ್ದು ರಕ್ತದ ಹಾಗೆ ಕೆಂಪಾಯಿತಂತೆ. ಆ ಬಂಡೆಯೇ ತನ್ನ ನೆಲೆ, ಗುಡಿ ಕಟ್ಟಿಸು ಎಂದು ನರಸಿಂಹ ಅಪ್ಪಣೆ ಕೊಟ್ಟನೆಂಬುದು ಸ್ಥಳಪುರಾಣ.

ಬಾಗಿಲು ದಾಟಿದವರು ಸಾಮಾನ್ಯವಾಗಿ ನೇರ ಗರ್ಭಗುಡಿಯತ್ತ ನಡೆಯುತ್ತಾರೆ. ನಾನು ಮುಖಮಂಟಪದಲ್ಲೇ ನಿಂತು ತಲೆ ಎತ್ತಿದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಮಸುಕು. ನೆರಳು ಒಗ್ಗಿದ ಮೇಲೆ ಗಾರೆಯ ಮೇಲಿನ ಹಳದಿ, ಕಾವಿ, ಕಪ್ಪು ಒಂದೊಂದಾಗಿ ಎದ್ದುಬಂದವು. ಉದ್ದುದ್ದ ಪಟ್ಟಿಗಳಲ್ಲಿ ಪುರಾಣದ ಕಥೆಗಳು ಸಾಗಿವೆ: ಕೃಷ್ಣ, ನರಸಿಂಹ. ಅವುಗಳ ಜೊತೆಗೇ ಒಂದು ಒಡ್ಡೋಲಗ, ಹೈದರಾಲಿಯದು! ಪೇಟ ತೊಟ್ಟವರು ಸಾಲಾಗಿದ್ದಾರೆ. ಒಬ್ಬನ ಕೈಯ ಬಳಿ ಬಣ್ಣ ಮಾಸಿದೆ. ಹಿಡಿದದ್ದು ಹೂವೋ ಕತ್ತಿಯ ಹಿಡಿಯೋ, ಎಷ್ಟು ದಿಟ್ಟಿಸಿದರೂ ತಿಳಿಯಲಿಲ್ಲ.

ಪುರಾಣ ಹಾಗಿರಲಿ, ಈಗಿರುವ ಗುಡಿ ಕಟ್ಟಿಸಿದವರು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಅಣ್ಣತಮ್ಮಂದಿರು. ತಂದೆ ಕಚೇರಿ ಕೃಷ್ಣಪ್ಪ ಟಿಪ್ಪುವಿನ ಆಡಳಿತದಲ್ಲಿ ದಿವಾನರಾಗಿದ್ದವರು. ಉಪ್ಪು ತಿಂದ ಮನೆಯನ್ನು ದೇವರ ಚಾವಣಿಯಲ್ಲೇ ನೆನೆದಿದ್ದಾರೆ. ಇದರಲ್ಲಿ ಅವರಿಗೆ ಯಾವ ಮುಜುಗರವೂ ಇರಲಿಲ್ಲ ಎಂಬುದೇ ನನಗೆ ಇಲ್ಲಿ ಕಂಡ ದೊಡ್ಡ ಸಂಗತಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ ಅಬ್ಬರಿಸುತ್ತದೆ. ಅದನ್ನು ಎಲ್ಲರೂ ಬಲ್ಲರು. ಸೀಬಿಯದು ಅಷ್ಟು ಭರ್ಜರಿಯಲ್ಲ, ಆದರೂ ನನ್ನ ಮನಸ್ಸು ಇದಕ್ಕೇ ಸೋತಿತು.

ಗರ್ಭಗುಡಿಯಲ್ಲಿ ಮಂಗಳಾರತಿ ತೆಗೆದುಕೊಂಡು ಪ್ರದಕ್ಷಿಣೆ ಮುಗಿಸಿ ಮತ್ತೆ ಮಂಟಪಕ್ಕೇ ಬಂದೆ. ಚಾವಣಿ ನೋಡುತ್ತಿದ್ದಂತೆ ನೆನಪಾಯಿತು: ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಗೋಡೆಗಳಲ್ಲೂ ಒಂದು ಕಾಲಕ್ಕೆ ಹೀಗೆ ಕಥಾಚಿತ್ರಗಳಿದ್ದವು. 16ನೇ ಶತಮಾನದ ಮತಸುಧಾರಣೆಯಲ್ಲಿ ಅವುಗಳ ಮೇಲೆ ಸುಣ್ಣ ಬಳಿದರು. ಶತಮಾನಗಳ ನಂತರ ಸುಣ್ಣ ಕೆರೆದಾಗ ಕೆಲವು ಮತ್ತೆ ಕಂಡವು. ನಮ್ಮಲ್ಲಿ ಸುಣ್ಣ, ಪೇಂಟು ಬರುವುದು ಜೀರ್ಣೋದ್ಧಾರದ ಹೆಸರಿನಲ್ಲಿ, ಭಕ್ತಿಯಿಂದಲೇ. ಹಾಗೆ ಎಷ್ಟು ಗುಡಿಗಳ ಚಿತ್ರಗಳು ಮುಚ್ಚಿಹೋಗಿವೆಯೋ. ಈ ಚಾವಣಿಯ ಮೇಲೆ ಹೊಸ ಬಣ್ಣದ ಕುಂಚ ಆಡದಿರಲಿ. ಉದುರುವ ಗಾರೆಯನ್ನು ಕೆಲಸ ಬಲ್ಲವರೇ ಮುಟ್ಟಲಿ.

ನೋಡಲು ಹೋಗುವವರು ಬೆಳಕು ಚೆನ್ನಾಗಿರುವ ಹೊತ್ತಿಗೆ ಹೋಗಿ. ಫೋಟೊಗೆ ಫ್ಲ್ಯಾಶ್ ಬೇಡ.