ನಲಿ-ಕಲಿಯ ವಾರದಲ್ಲಿ ಒಂದು ಮಗುವಿನ ಪಾಲು

ಹಾವೇರಿ ತಾಲ್ಲೂಕಿನ ಗುತ್ತಲದ ಸೀಮೆಯಲ್ಲಿ ಸರ್ಕಾರಿ ಕನ್ನಡ ಶಾಲೆಯ ಮೊದಲ ತರಗತಿಗಳಿಗೆ ಹೊರಗಿನವರು ಹೋದರೆ ‘ಈಗ ಯಾವ ಪಾಠ ನಡೆದಿದೆ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಒಂದರಿಂದ ಮೂರನೆಯ ಇಯತ್ತೆಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟಕುವಂತೆ ಕಪ್ಪು ಹಲಗೆ ಬಳಿದಿದೆ. ತಲೆಯ ಮೇಲೆ ಕಟ್ಟಿದ ದಾರಗಳಿಗೆ ಅವರದೇ ಚಿತ್ರ, ಬರಹಗಳು ತೂಗುಬಿದ್ದಿವೆ. ಅದಕ್ಕೆ ಕಲಿಕಾ ಚಪ್ಪರವೆಂದು ಹೆಸರು. ಒಬ್ಬ ಹುಡುಗಿ ಅಕ್ಷರ ತಿದ್ದುತ್ತಿದ್ದರೆ ಪಕ್ಕದವನು ಕಡ್ಡಿ ಎಣಿಸುತ್ತಿರುತ್ತಾನೆ. ಈ ಗದ್ದಲ ಅಶಿಸ್ತಲ್ಲ, ಹೀಗೆಯೇ ಇರಬೇಕೆಂದು ರೂಪಿಸಿದ್ದು. ನಲಿ-ಕಲಿ ಎಂಬ ಈ ಬೋಧನಾ ಪದ್ಧತಿಗೆ ಮೂರು ದಶಕಗಳ ಇತಿಹಾಸವಿದೆ, ಅಷ್ಟೇ ಹಳೆಯ ತಕರಾರೂ ಇದೆ.

ಹೆಗ್ಗಡದೇವನಕೋಟೆಯಿಂದ ಹೊರಟ ಏಣಿ

ನಲಿ-ಕಲಿ ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರಪ್ರದೇಶದ ಋಷಿವ್ಯಾಲಿ ಪರಿಸರದ ಏಕೋಪಾಧ್ಯಾಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಪಠ್ಯವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಬರೆದರು. ಕಾರ್ಡುಗಳ ಅನುಕ್ರಮವೇ ಕಲಿಕಾ ಏಣಿ, ಅದರ ಘಟ್ಟಗಳೇ ಮೈಲಿಗಲ್ಲು. 2009-10ರಲ್ಲಿ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಲಾಯಿತು. ಮೂರನೆಯದು ಆಮೇಲೆ ಸೇರಿತು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಕೈಯಾರೆ ಕಟ್ಟಿಕೊಂಡಿದ್ದು ರಾಜ್ಯವ್ಯಾಪಿ ಆದೇಶವಾದಾಗ ಅದರ ಜೀವ ಸ್ವಲ್ಪ ಕುಗ್ಗಿತೆಂದು ಹೇಳುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಇದರ ಅಕ್ಷರಕ್ರಮವೇ ಬೇರೆ. ಅ, ಆ, ಇ, ಈ ಎಂದು ವರ್ಣಮಾಲೆಯನ್ನು ಸಾಲಾಗಿ ಒಪ್ಪಿಸುವುದರ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಓದು ತೊಡಗುತ್ತದೆ. ತಿರುವು ಸುಲಭ, ಗುಣಿತದ ಗೊಡವೆಯಿಲ್ಲ. ಈ ಐದು ಬಂದರೆ ಸಾಕು, ಮಗು ಸರ, ಅರಸ, ಅಗಸ, ದಸರ ಎಂದು ಓದಬಲ್ಲದು. ವರ್ಣಮಾಲೆ ಮುಗಿಯುವವರೆಗೆ ಕಾಯದೆ, ಮೊದಲ ವಾರಗಳಲ್ಲೇ ಅರ್ಥವುಳ್ಳ ಪದ ಮಗುವಿನ ಬಾಯಿಗೆ ಬರುತ್ತದೆ. ಪದ್ಧತಿಯ ಅತ್ಯಂತ ಜಾಣ ಭಾಗವೆಂದರೆ ಇದೇ.

ಸೋಮವಾರದಿಂದ ಶನಿವಾರದವರೆಗೆ

ವಾರದ ಪ್ರತಿ ಬೆಳಗೂ ಹವಾಮಾನ ನಕ್ಷೆಯನ್ನು ತುಂಬುವುದರೊಂದಿಗೆ, ಹಾಡಿನೊಂದಿಗೆ ಶುರುವಾಗುತ್ತದೆ. ಬಳಿಕ ಮಕ್ಕಳು ಏಣಿಯಲ್ಲಿ ತಮ್ಮ ಗುರುತನ್ನು ಹುಡುಕಿ, ಕಾರ್ಡು ತೆಗೆದುಕೊಂಡು, ಅದು ಸೂಚಿಸುವ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತಾರೆ. ತಟ್ಟೆಗಳು ಐದು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ಬೆಂಬಲ, ಎರಡನೆಯದರಲ್ಲಿ ಭಾಗಶಃ, ಮುಂದಿನೆರಡರಲ್ಲಿ ಸಹಪಾಠಿಗಳದೇ ನೆರವು, ಐದನೆಯದು ಸ್ವಕಲಿಕೆ. ಸೋಮವಾರ ಅಕ್ಕೋರ ಮಗ್ಗುಲಲ್ಲಿ ಕುಳಿತು ಹೊಸ ಅಕ್ಷರ ಕಂಡ ಮಗು ಬುಧವಾರದ ಹೊತ್ತಿಗೆ ಗೆಳತಿಯೊಡನೆ ಅದನ್ನೇ ಪದವಾಗಿ ಜೋಡಿಸಿ, ವಾರದ ಕೊನೆಗೆ ಒಂಟಿಯಾಗಿ ಪಾಟಿಯ ಮೇಲೆ ಬರೆಯಬೇಕೆಂಬುದು ನಿರೀಕ್ಷೆ. ಶನಿವಾರ ಬೆಳಗಿನ ಶಾಲೆ. ತಿಂಗಳಿಗೊಂದು ಶನಿವಾರ ಪಾಟಿಚೀಲವೂ ಇಲ್ಲ.

ನಿರೀಕ್ಷೆ ಹಾಗಿದ್ದರೂ ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಈ ಸೀಮೆಯಲ್ಲಿ ವಾರಗಳು ಒಂದೇ ಸಮನಾಗಿ ಸಾಗುವುದಿಲ್ಲ. ಕಟಾವಿನ ದಿನಗಳಲ್ಲಿ ತಂದೆತಾಯಿ ನಸುಕಿನಲ್ಲೇ ಹೊಲಕ್ಕೆ ಹೊರಟರೆ ಮಗುವನ್ನು ಸಾಲಿಗೆ ಹೊರಡಿಸುವವರಿರುವುದಿಲ್ಲ. ರಾಣೇಬೆನ್ನೂರು, ಬ್ಯಾಡಗಿ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ) ಶುರುವಾದರೆ ಮನೆಯ ದೊಡ್ಡವರೆಲ್ಲ ಅಲ್ಲೇ. ಸಾಂಪ್ರದಾಯಿಕ ತರಗತಿಯಲ್ಲಿ ಹದಿನೈದು ದಿನ ತಪ್ಪಿದ ಮಗುವಿಗೆ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ಏಣಿಯಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಕೃಷಿ ಕುಟುಂಬಗಳ ಮಟ್ಟಿಗೆ ಇದು ಸಣ್ಣ ಅನುಕೂಲವಲ್ಲ.

ಗಂಟೆಗಳ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಬೋಧನಾ ಗಂಟೆಗಳನ್ನು ವಿಧಿಸಿದೆ. ಅಂದರೆ ಸರಾಸರಿ ದಿನಕ್ಕೆ ನಾಲ್ಕು ಗಂಟೆ, ಆರು ದಿನಗಳ ವಾರಕ್ಕೆ 24 ಗಂಟೆ. ಅದೇ ಕಾಯ್ದೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕೆನ್ನುತ್ತದೆ. ಐದು ತರಗತಿಗೆ ಇಬ್ಬರೆಂದರೆ ಬಹುವರ್ಗ ಬೋಧನೆ ಅಪವಾದವಲ್ಲ, ಕಾನೂನೇ ಒಪ್ಪಿಕೊಂಡ ವಾಸ್ತವ. ಮೂವತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕಿ ಎಂದಿಟ್ಟುಕೊಂಡು 24 ಗಂಟೆಗಳನ್ನು ಸಮನಾಗಿ ಹಂಚಿದರೆ ಒಂದು ಮಗುವಿನ ಪಾಲಿಗೆ ವಾರಕ್ಕೆ ಬರುವುದು 48 ನಿಮಿಷ. ಕನ್ನಡ, ಗಣಿತ, ಪರಿಸರ ಅಧ್ಯಯನಕ್ಕೆ ಅದನ್ನು ಮತ್ತೆ ಹಂಚಿದರೆ ತಲಾ 16 ನಿಮಿಷ. ಆರು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡರೆ ಈ ಸಮಯ ಹಿಗ್ಗುತ್ತದೆ. ತಟ್ಟೆಗಳ ವ್ಯವಸ್ಥೆಯ ತರ್ಕ ಇರುವುದೇ ಇಲ್ಲಿ.

ಆದರೆ ಮೊದಲ ತಟ್ಟೆಯಿಂದ ಶಿಕ್ಷಕಿ ಎದ್ದುಹೋದ ಗಳಿಗೆಯಲ್ಲೇ ಉಳಿದ ನಾಲ್ಕೂ ಸಡಿಲಗೊಳ್ಳುತ್ತವೆ. ಹಾಲು, ಮೊಟ್ಟೆ, ಬಿಸಿಯೂಟದ ದಾಖಲೆ, ಆನ್‌ಲೈನ್ ಮಾಹಿತಿ, ಮತದಾರರ ಪಟ್ಟಿಯ ಕೆಲಸ, ತರಬೇತಿ ಇವೆಲ್ಲ ಅವರನ್ನು ಎಬ್ಬಿಸುತ್ತವೆ. ಬಿಸಿಯೂಟ, ಹಾಲುಗಳು ಮಕ್ಕಳನ್ನು ಶಾಲೆಗೆ ತಂದಿವೆ ಎಂಬುದರಲ್ಲಿ ಅನುಮಾನವಿಲ್ಲ. ಅವುಗಳ ಲೆಕ್ಕ ಬರೆಯಲು ಪಾಠ ಹೇಳುವವರೇ ಬೇಕೆ ಎಂಬುದು ಬೇರೆ ಪ್ರಶ್ನೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದ್ದರಿಂದ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು.

ಪಾಲಕರ ಅನುಮಾನ, ಶಿಕ್ಷಕರ ಅಳಲು

ಅಂಕಲಿಪಿ ಹಿಡಿದು ಕಲಿತ ತಲೆಮಾರಿಗೆ ಈ ಪದ್ಧತಿ ಪಾಠದಂತೆ ಕಾಣುವುದಿಲ್ಲ. ಪಕ್ಕದ ಮನೆಯ ಮಗು ಖಾಸಗಿ ಶಾಲೆಯ ವ್ಯಾನಿನಲ್ಲಿ ಹೋಗಿಬಂದು ಇಂಗ್ಲಿಷ್ ಪದ್ಯ ಒಪ್ಪಿಸುವಾಗ, ‘ನಮ್ಮ ಹುಡುಗಗ ಅ ಆ ಇ ಈನೂ ಬರೂದಿಲ್ಲ’ ಎಂಬ ಕೊರಗು ಸಹಜ. ಅನೇಕ ಶಿಕ್ಷಕರೂ ಮೂರು ತರಗತಿಗಳನ್ನು ಬೆರೆಸುವುದನ್ನು ಒಪ್ಪುವುದಿಲ್ಲ. ನಿಧಾನ ಕಲಿಯುವ ಮಗು ಒಂದೇ ಮೆಟ್ಟಿಲಿನಲ್ಲಿ ತಿಂಗಳುಗಟ್ಟಲೆ ನಿಂತರೂ ಹೊರಗೆ ಗೊತ್ತಾಗುವುದಿಲ್ಲ ಎಂಬುದು ಅವರ ಆಕ್ಷೇಪ. ಲಂಬಾಣಿ, ಉರ್ದು ಮನೆಮಾತಿನ ಮಕ್ಕಳಿಗೆ ಕಾರ್ಡಿನ ಗ್ರಾಂಥಿಕ ಕನ್ನಡ ಇನ್ನೊಂದು ತೊಡಕು.

ಇನ್ನೊಂದು ಪೆಟ್ಟು ಕೋವಿಡ್ಡಿನದು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ರಾಜ್ಯದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಗ್ರಾಮೀಣ ಭಾರತದಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇ 27.3 ಇದ್ದದ್ದು 2022ರಲ್ಲಿ ಶೇ 20.5ಕ್ಕೆ ಕುಸಿದು, 2024ರಲ್ಲಿ ಶೇ 27.1ಕ್ಕೆ ಮರಳಿತು. ಚೇತರಿಕೆ ನಿಜವೇ. ಆದರೂ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಓದಲಾರರು, ಮತ್ತು ನಲಿ-ಕಲಿ ಇಲ್ಲದ ರಾಜ್ಯಗಳೂ ಈ ಲೆಕ್ಕದೊಳಗೇ ಇವೆ. ದೋಷವನ್ನೆಲ್ಲ ಪದ್ಧತಿಯೊಂದರ ತಲೆಗೆ ಕಟ್ಟಲಾಗದು.

ನಾಲ್ಕನೆಯ ತರಗತಿಯ ಹೊಸ್ತಿಲು

ಏಣಿ ಮೂರನೆಯ ತರಗತಿಗೆ ನಿಲ್ಲುತ್ತದೆ. ನಾಲ್ಕರಲ್ಲಿ ಕಾರ್ಡುಗಳಿಲ್ಲ, ಪುಸ್ತಕ ಕೊಟ್ಟು ಎಲ್ಲರಿಗೂ ಒಂದೇ ಪಾಠ. ಕೆಳ ಮೆಟ್ಟಿಲಲ್ಲೇ ಉಳಿದ ಮಗುವಿನ ಸ್ಥಿತಿ ಜೂನ್ ತಿಂಗಳಲ್ಲಿ ಮೊದಲ ಸಲ ಎಲ್ಲರ ಕಣ್ಣಿಗೆ ಬೀಳುತ್ತದೆ, ಆಗ ಅದನ್ನು ಹಿಂದಕ್ಕೆ ಕರೆದೊಯ್ದು ಕಲಿಸುವ ವ್ಯವಸ್ಥೆ ದುರ್ಬಲ. ಪದ್ಧತಿಯನ್ನೇ ಕೈಬಿಡಬೇಕೆಂಬ ವಾದ ಇಲ್ಲಿಯೇ ಬಲ ಪಡೆಯುವುದು. ಆದರೆ ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಸಣ್ಣ ಶಾಲೆಗಳಲ್ಲಿ ಇದನ್ನು ಬಿಟ್ಟರೂ ಮೂರು ತರಗತಿಗಳು ಒಬ್ಬರ ಕೈಯಲ್ಲೇ ಉಳಿಯುತ್ತವೆ, ಏಣಿಯೊಂದು ಇರುವುದಿಲ್ಲ ಅಷ್ಟೆ. ತರಗತಿಗೊಬ್ಬ ಶಿಕ್ಷಕರನ್ನು ಕೊಡಬಲ್ಲ ದೊಡ್ಡ ಶಾಲೆಗಳಿಗೆ ಬೇರೆ ದಾರಿ ಹಿಡಿಯುವ ಸ್ವಾತಂತ್ರ್ಯವಿರಲಿ. ಉಳಿದೆಡೆ ನಾಲ್ಕನೆಯ ತರಗತಿಯ ಮೊದಲ ತಿಂಗಳುಗಳಿಗೂ ಕಾರ್ಡುಗಳನ್ನು ಚಾಚುವುದು, ನಲಿ-ಕಲಿ ಶಿಕ್ಷಕರನ್ನು ಸಮೀಕ್ಷೆ ಮತ್ತು ಮತಪಟ್ಟಿಯ ಕೆಲಸದಿಂದ ಹೊರಗಿಡುವುದು ಹೊಸ ಯೋಜನೆಯೊಂದನ್ನು ಘೋಷಿಸುವುದಕ್ಕಿಂತ ಅಗ್ಗ. ಇವೆರಡರಲ್ಲಿ ಎರಡನೆಯದಕ್ಕೆ ಒಂದು ಆದೇಶ ಸಾಕು.