ನೀರಾವರಿಯ ಸಣ್ಣ ಸರ್ಕ್ಯೂಟ್ ಬೋರ್ಡಿಗೆ ತಕ್ಕ ಅಡಾಪ್ಟರು

ಸಸಿಮಡಿಗಳಿಗೂ ತೋಟಗಳಿಗೂ ಗೊತ್ತಾದ ಹೊತ್ತಿಗೆ ನೀರು ಬಿಡುವ ಕೆಲಸಕ್ಕೆ ಈಗ ಸಣ್ಣ ಸರ್ಕ್ಯೂಟ್ ಬೋರ್ಡುಗಳು ಬಳಕೆಗೆ ಬಂದಿವೆ. ಬೋರ್ಡು ಕೆಟ್ಟಿತೆಂದು ದೂರುವಾಗ ಎಷ್ಟೋ ಸಲ ದೋಷವು ಅದಕ್ಕೆ ವಿದ್ಯುತ್ತನ್ನು ಒದಗಿಸುವ ಅಡಾಪ್ಟರಿನಲ್ಲಿರುವುದುಂಟು. ಕಡುಬೇಸಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಎಳೆಯ ಸಸಿಗಳು ಬಾಡುವುದರಿಂದ ಈ ವಿಷಯವನ್ನು ರೈತರು ತಿಳಿದಿರುವುದು ಅವಶ್ಯಕ.

ಅಡಾಪ್ಟರಿನ ಮೇಲೆ ವೋಲ್ಟು, ಆಂಪಿಯರು ಎಂಬ ಎರಡು ಅಂಕಗಳಿರುತ್ತವೆ. ವೋಲ್ಟು ಬೋರ್ಡಿಗೆ ಹೇಳಿದಷ್ಟೇ ಇರತಕ್ಕದ್ದು. ಆಂಪಿಯರಾದರೋ ಅಡಾಪ್ಟರು ಕೊಡಬಲ್ಲ ಗರಿಷ್ಠ ಪ್ರವಾಹ. ಕೆರೆಯಲ್ಲಿ ನೀರು ಎಷ್ಟಿದ್ದರೂ ತೂಬು ಬಿಟ್ಟಷ್ಟೇ ಗದ್ದೆಗೆ ಹರಿಯುವಂತೆ, ಬೋರ್ಡು ತನಗೆ ಬೇಕಾದಷ್ಟು ಪ್ರವಾಹವನ್ನೇ ಎಳೆದುಕೊಳ್ಳುವುದು.

ಉದಾಹರಣೆಗೆ, ಇಎಸ್‌ಪಿ32 ಬೋರ್ಡಿಗೆ 0.5 ಆಂಪಿಯರನ್ನು ಎಣಿಸಬೇಕು. 70 ಓಮ್ ಸುರುಳಿಯ 5 ವೋಲ್ಟ್ ರಿಲೇ ಒಂದಕ್ಕೆ ಸುಮಾರು 0.07 ಆಂಪಿಯರಿನಂತೆ ನಾಲ್ಕಕ್ಕೆ 0.28. ಒಟ್ಟು 0.78 ಆಂಪಿಯರು. ಇದಕ್ಕೆ 5 ವೋಲ್ಟ್, 2 ಆಂಪಿಯರಿನ ಅಡಾಪ್ಟರು ಯೋಗ್ಯವಾದುದು.

ಅಡಾಪ್ಟರು ಚಿಕ್ಕದಾದರೆ ಆಗುವುದೇನು? ಮಿತಿ ಮೀರಿದೊಡನೆ ಅದರೊಳಗಿನ ರಕ್ಷಣೆಯು ಕೆಲಸಮಾಡುವುದು. ಕೆಲವು ಅಡಾಪ್ಟರುಗಳು ವೋಲ್ಟನ್ನು ಇಳಿಸುತ್ತವೆ. ಕೆಲವು ಪ್ರವಾಹವನ್ನೇ ನಿಲ್ಲಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ರಿಲೇಗಳೆಲ್ಲವೂ ಒಮ್ಮೆಗೇ ಎಳೆದಾಗ ಬೋರ್ಡು ಆರಿ ಪುನಃ ಮೊದಲಿನಿಂದ ಆರಂಭವಾಗುವುದು. ನೀರು ಬಿಡುವುದು ಅರ್ಧಕ್ಕೇ ನಿಲ್ಲುವುದು.

ಅಡಾಪ್ಟರು ಅತಿ ದೊಡ್ಡದಾದರೆ ಅಪಾಯವು ಬೇರೊಂದು. ಬೋರ್ಡಿನಲ್ಲಿ ತೇವದಿಂದಲೋ ಇರುವೆಗಳಿಂದಲೋ ದೋಷವುಂಟಾಗಿ 4 ಆಂಪಿಯರು ಹರಿದರೆ, 10 ಆಂಪಿಯರಿನ ಅಡಾಪ್ಟರಿಗೆ ಅದು ಸಾಧಾರಣವಾದ ಹೊರೆ. ಅದರ ರಕ್ಷಣೆಯು ಏಳುವುದೇ ಇಲ್ಲ. ಅಷ್ಟರಲ್ಲಿ ಬೋರ್ಡಿನ ತೆಳುವಾದ ತಾಮ್ರದ ಗೆರೆಗಳೂ ಸಣ್ಣ ತಂತಿಗಳೂ ಕಾದು ಸುಡಬಹುದು. ಅಡಾಪ್ಟರಿನೊಳಗಿನ ರಕ್ಷಣೆಯು ಮುಖ್ಯವಾಗಿ ಅಡಾಪ್ಟರನ್ನು ಕಾಯುವುದಕ್ಕೆ ಇರುವುದೇ ಹೊರತು ಬೋರ್ಡನ್ನು ಕಾಯುವುದಕ್ಕಲ್ಲ.

ಆದಕಾರಣ ಮೇಲಿನ ಉದಾಹರಣೆಯಲ್ಲಿ ಅಡಾಪ್ಟರಿನ ಧನ ತಂತಿಗೆ, ಅಡಾಪ್ಟರಿನ ಸಮೀಪದಲ್ಲಿಯೇ, 1 ಆಂಪಿಯರಿನ ಫ್ಯೂಸನ್ನು ಹಾಕತಕ್ಕದ್ದು. ಫ್ಯೂಸು ಕರಗಿದಾಗ ಅದರ ಜಾಗಕ್ಕೆ ದಪ್ಪ ತಂತಿಯನ್ನು ಸುತ್ತುವ ಅಭ್ಯಾಸವನ್ನು ಸರ್ವಥಾ ಬಿಡಬೇಕು. ಮೊದಲು ದೋಷವನ್ನು ಹುಡುಕಿ ಸರಿಪಡಿಸಿ, ಅನಂತರ ಅದೇ ಅಳತೆಯ ಹೊಸ ಫ್ಯೂಸನ್ನು ಹಾಕುವುದು ಕ್ರಮ. ಅಲ್ಪ ಬೆಲೆಯ ಈ ಫ್ಯೂಸು ಬೋರ್ಡನ್ನೂ ಅದನ್ನು ನಂಬಿದ ಸಸಿಗಳನ್ನೂ ಉಳಿಸುವುದು.