ಅಟ್ಟದ ಮೇಲಿನ ಪಿಂಗಾಣಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳೆಯ ತೊಟ್ಟಿಮನೆಗಳ ಅಟ್ಟವನ್ನು ಶೋಧಿಸಿದರೆ, ಹುಲ್ಲಿನಲ್ಲಿ ಸುತ್ತಿಟ್ಟ ಚಿತ್ತಾರದ ಬಟ್ಟಲೋ ಬಸಿಯೋ ಹೂದಾನಿಯೋ ದೊರೆಯುವುದುಂಟು. ಅಡಕೆ, ಕೊಬ್ಬರಿಯ ವಹಿವಾಟಿಗೆಂದು ರೈಲಿನಲ್ಲಿ ಪೇಟೆಗೆ ಹೋದ ಹಿರಿಯರು ತಂದಿರಿಸಿದವು ಅವು. ಮನೆ ಪಾಲಾದ ದಿನ ಬೆಳ್ಳಿ ಬಂಗಾರಕ್ಕೆ ತಕ್ಕಡಿ ಬರುತ್ತದೆ. ಪಿಂಗಾಣಿಯನ್ನು ಯಾರೂ ಕೇಳುವುದಿಲ್ಲ. ಸ್ಟೀಲು ಪಾತ್ರೆಯವನ ಬುಟ್ಟಿಗೆ ಅದು ಸಲ್ಲುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಮೊದಲು ಒಂದು ವಿವೇಚನೆ. ಉಪ್ಪಿನಕಾಯಿಯ ಕಂದು-ಬಿಳಿ ಭರಣಿಯನ್ನು ನಾವೆಲ್ಲ ಪಿಂಗಾಣಿಯೆಂದೇ ಕರೆಯುತ್ತೇವಾದರೂ ಅದು ಗಟ್ಟಿಯಾದ ಕಲ್ಮಣ್ಣಿನ ಪಾತ್ರೆ. ನಿಜವಾದ ಪಿಂಗಾಣಿ ಬಿಳಿಯ ಕೇಯೋಲಿನ್ ಮಣ್ಣಿನದು; ಸುಮಾರು 1300 ಡಿಗ್ರಿ ಉರಿಯಲ್ಲಿ ಬೆಂದದ್ದು. ತೆಳುವಾದ ಬಟ್ಟಲನ್ನು ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ತೋರುತ್ತದೆ. ಚೀನಿಯರು ಸಾವಿರ ವರ್ಷಗಳಿಗೂ ಹಿಂದೆ ಅರಿತಿದ್ದ ಈ ವಿದ್ಯೆಯು ಯೂರೋಪಿಗೆ ದಕ್ಕಿದ್ದು 18ನೆಯ ಶತಮಾನದ ಆರಂಭದಲ್ಲಿ. ಜರ್ಮನಿಯ ಮೈಸೆನ್ ಕಾರ್ಖಾನೆ ಸ್ಥಾಪನೆಗೊಂಡದ್ದು 1710ರಲ್ಲಿ.

ಕೈಬರಹವೋ ಅಚ್ಚೋ ಎಂಬುದನ್ನು ಭೂತಗನ್ನಡಿ ಹೇಳುತ್ತದೆ. ಅಚ್ಚಿನ ಹೂವಿನಲ್ಲಿ ಒಂದೇ ಅಳತೆಯ ಚುಕ್ಕೆಗಳು ಸಾಲುಗಟ್ಟಿರುತ್ತವೆ. ಕುಂಚದ ಹೂವಿನಲ್ಲಿ ಬಣ್ಣ ಒಂದೆಡೆ ದಪ್ಪ, ಒಂದೆಡೆ ತೆಳು, ಎರಡು ಎಸಳು ಒಂದೇ ತೆರನಾಗಿರುವುದಿಲ್ಲ. ಬಟ್ಟಲನ್ನು ಕವುಚಿ ತಳವನ್ನೂ ನೋಡಬೇಕು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ಕಾನೂನು ಬಂದ ಮೇಲೆ, 1891ರಿಂದ 1921ರವರೆಗೆ ಜಪಾನೀಯರು ‘ನಿಪ್ಪಾನ್’ ಎಂದು ಒತ್ತುತ್ತಿದ್ದರು; ಅನಂತರ ‘ಜಪಾನ್’ ಎಂದಾಯಿತು. ಆದರೆ ಮುದ್ರೆಯೊಂದನ್ನೇ ನಂಬುವುದು ತರವಲ್ಲ. ಕಳ್ಳಮುದ್ರೆಗಳೂ ಇವೆ! ಕೆಲವು ಜಪಾನಿ ಬಟ್ಟಲುಗಳ ತಳವನ್ನು ದೀಪಕ್ಕೆ ಹಿಡಿದರೆ ಹೆಣ್ಣಿನ ಮುಖವೊಂದು ಮೂಡುತ್ತದೆ. ಮಕ್ಕಳಿಗೆ ತೋರಿಸಿರಿ, ಬೆರಗಾಗುತ್ತಾರೆ.

ನಮ್ಮ ನಾಡೂ ಈ ವಿದ್ಯೆಗೆ ಹೊರಗಾಗಿರಲಿಲ್ಲ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನವು ಪಿಂಗಾಣಿ ಕಾರ್ಖಾನೆಯನ್ನು ತೆರೆದಿತ್ತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು. ವಿದ್ಯುತ್ ಕಂಬದ ಬಿಳಿ ಬುಗುಟುಗಳೂ ಪಿಂಗಾಣಿಯೇ ಅಲ್ಲವೆ?

ಇಂಥ ವಸ್ತುಗಳನ್ನು ಹುಣಿಸೆಹುಳಿ, ಬ್ಲೀಚಿಂಗ್ ಪುಡಿಯಿಂದ ತಿಕ್ಕಬಾರದು. ಚಿನ್ನದ ಅಂಚು ಅಳಿಸಿಹೋಗುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವಿರುವುದರಿಂದ ಅವುಗಳಲ್ಲಿ ಹುಳಿ ಪದಾರ್ಥ ಉಣ್ಣುವುದೂ ಸಲ್ಲದು. ಮಾರುವವರಿಗೆ ಇನ್ನೊಂದು ಮಾತು: 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಕುಶಲವಸ್ತು ಪ್ರಾಚೀನ ವಸ್ತುವೆನಿಸುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದರೆ, ಯಾವ ಬಟ್ಟಲು ಯಾರ ಮದುವೆಯಲ್ಲಿ ಬಂದುದೆಂದು ಈ ತಿಂಗಳೇ ಕೇಳಿ, ಚೀಟಿಯಲ್ಲಿ ಬರೆದು ಅದರೊಳಗೇ ಇರಿಸಿರಿ.